ಸಂಸ್ಕೃತಿ ಅಂದ್ರೆ ಸ್ಟೇಜ್ ಮೇಲಿನ ಕುಣಿತ ಮಾತ್ರಾನಾ? (ಭಾಗ 3)

"ಬುಡಕಟ್ಟು ಸಂಸ್ಕೃತಿ ಉಳಿಸಿ" ಅಂತ ಸ್ಟೋರಿ ಹಾಕೋದು ಸುಲಭ. ಸೋಲಿಗರ ಕುಣಿತದ ರೀಲ್‌ಗೆ ನಾವೆಲ್ಲ ಹಾರ್ಟ್ ಒತ್ತಿದ್ದೀವಿ. ಆದ್ರೆ ಆ ಹಾಡು ಹುಟ್ಟಿದ ಕಾಡಲ್ಲಿ ಅವರ ಮಾತೇ ನಡೀದಿದ್ರೆ ನಾವು ಉಳಿಸ್ತಿರೋದು ಏನನ್ನ?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. 1974ರಲ್ಲಿ ಅದು ಅಭಯಾರಣ್ಯ ಆಯ್ತು. ಕಾಡೊಳಗೆ ಜಾಗ ಬದಲಿಸ್ತಾ ಬೇಸಾಯ ಮಾಡ್ತಿದ್ದ ಸೋಲಿಗರು ಪೋಡುಗಳಲ್ಲಿ ಒಂದೇ ಕಡೆ ನೆಲೆ ನಿಲ್ಲಬೇಕಾಯ್ತು. ತರಗು ಬೆಂಕಿನೂ ನಿಂತುಹೋಯ್ತು.

ತರಗು ಬೆಂಕಿ ಗೊತ್ತಾ? ಬೇಸಿಗೆ ಏರೋ ಮೊದಲು ಒಣಗಿದ ಎಲೆಗೆ ಹಚ್ಚೋ ಸಣ್ಣ ಬೆಂಕಿ. ನೆಲದ ಮೇಲೇ ಹರಿದು ಆರಿಹೋಗುತ್ತೆ. ಹೊಸ ಹುಲ್ಲು ಚಿಗುರುತ್ತೆ, ಲಂಟಾನ ಎಳೆಯದಿದ್ದಾಗಲೇ ಸಾಯುತ್ತೆ, ನೆಲ್ಲಿಮರಕ್ಕೆ ಹತ್ತೋ ಬಂದಳಿಕೆ ಹಿಡಿತದಲ್ಲಿರುತ್ತೆ ಅಂತಾರೆ ಸೋಲಿಗ ಹಿರಿಯರು. ಕಾನೂನಿನ ಲೆಕ್ಕದಲ್ಲಿ ಅದು ಅಪರಾಧ. ಆಮೇಲೇನಾಯ್ತು? 1997ರಿಂದ 2008ರೊಳಗೆ ಅಲ್ಲಿ ಲಂಟಾನ ಹೆಚ್ಚುಕಮ್ಮಿ ಎರಡು ಪಟ್ಟು ಹಬ್ಬಿತ್ತು. ಇವತ್ತಿನ ಸೋಲಿಗ ಹುಡುಗರಿಗೆ ತರಗು ಬೆಂಕಿ ಅಜ್ಜ ಹೇಳೋ ಕಥೆ ಅಷ್ಟೇ. ಮಾಡದೇ ಇದ್ದ ವಿದ್ಯೆ ಉಳಿಯಲ್ಲ. ಇದನ್ನ ಯಾವ ರೀಲೂ ವಾಪಸ್ ತರಲ್ಲ.

"ಹಂಗಾದ್ರೆ ಅವರು ಹಳೇ ಕಾಲದಲ್ಲೇ ಇರಬೇಕಾ? ಮೊಬೈಲ್, ಓದು ಬೇಡ್ವಾ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಯಾರು ಬೇಡ ಅಂದ್ರು? ಜಿಪಿಎಸ್ ಹಿಡ್ಕೊಂಡೇ ಸೋಲಿಗರು ಸಂಶೋಧಕರ ಜೊತೆ ಸೇರಿ ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರೋ 400ಕ್ಕೂ ಹೆಚ್ಚು ಪವಿತ್ರ ಜಾಗಗಳನ್ನ ನಕ್ಷೆಗೆ ತಂದಿದ್ದಾರೆ. ಆಧುನಿಕತೆ ಅವರ ಶತ್ರು ಅಲ್ಲ. ಅವರನ್ನ ಕೇಳದೇ ಅವರ ಕಾಡಿನ ಬಗ್ಗೆ ತೀರ್ಮಾನ ಮಾಡೋದು ಶತ್ರು.

2006ರ ಅರಣ್ಯ ಹಕ್ಕು ಕಾಯ್ದೆ ಇದನ್ನ ಒಪ್ಪಿಕೊಂಡಿದೆ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ತು. ಹುಲಿ ಕಾಡೊಂದರಲ್ಲಿ ಹಿಂಗಾಗಿದ್ದು ದೇಶದಲ್ಲೇ ಮೊದಲು. ಯಾರೂ ದಾನ ಕೊಟ್ಟಿದ್ದಲ್ಲ, ಸೋಲಿಗರು ಸಂಘ ಕಟ್ಟಿ, ಅರ್ಜಿ ಹಾಕಿ, ಪಟ್ಟು ಹಿಡಿದು ತಗೊಂಡಿದ್ದು.

ಹಕ್ಕುಪತ್ರ ಬಂದ ಮಾತ್ರಕ್ಕೆ ಮುಗೀಲಿಲ್ಲ. ಎಲ್ಲಿ ಜೇನು ಇಳಿಸಬೇಕು, ಲಂಟಾನ ಹೆಂಗೆ ತೆಗೀಬೇಕು ಅನ್ನೋ ಮಾತಲ್ಲಿ ಗ್ರಾಮಸಭೆ ಮೊದಲು ಕೂರಬೇಕು, ಕೊನೆಗೆ ಸಹಿ ಹಾಕೋಕಲ್ಲ.

ಗೆಳೆಯರೇ, ಎಥ್ನಿಕ್ ಡೇಗೆ ಎಲೆ ಸುತ್ಕೊಂಡು ಕುಣಿದ್ರೆ ಅದು ಗೌರವ ಅಲ್ಲ, ವೇಷ. ಮುಂದಿನ ಸಲ ಸೋಲಿಗರನ್ನ ಕಾಲೇಜಿಗೆ ಕರೆದ್ರೆ ಕುಣಿಸಿ ಕಳಿಸ್ಬೇಡಿ. ಮೈಕ್ ಕೊಡಿ. ಕಾಡಿನ ಪಾಠ ಅವರೇ ಮಾಡ್ಲಿ, ನಾವು ಕೂತು ನೋಟ್ಸ್ ಬರ್ಕೊಳ್ಳೋಣ.

#ಸೋಲಿಗರು #ಬಿಳಿಗಿರಿರಂಗನಬೆಟ್ಟ #ಅರಣ್ಯಹಕ್ಕು #ತರಗುಬೆಂಕಿ