ಪುಟ್ಟ ಪಿಕಪ್ಪಿನ ಅಗತ್ಯ
ಅಮೆರಿಕದ ಪೇಟೆಗೆಂದು ಟೊಯೋಟ ಸಂಸ್ಥೆಯು ಮತ್ತೊಮ್ಮೆ ಪುಟ್ಟ ಪಿಕಪ್ ವಾಹನವೊಂದನ್ನು ನಿರ್ಮಿಸಬೇಕೇ ಎಂಬ ಪ್ರಶ್ನೆಗೆ, ನಿರ್ಮಿಸಲೇಬೇಕೆಂಬುದು ನನ್ನ ನಿಶ್ಚಿತಾಭಿಪ್ರಾಯ. ಗೊಬ್ಬರದ ಮೂಟೆಯನ್ನೋ ಬಡಗಿಯ ಹತ್ಯಾರುಗಳನ್ನೋ ಹೊತ್ತು, ಇಕ್ಕಟ್ಟಾದ ಬೀದಿಯಲ್ಲಿಯೂ ಸಲೀಸಾಗಿ ತಿರುಗುತ್ತಿದ್ದ ಟೊಯೋಟದ ಆ ಹಳೆಯ ಪುಟ್ಟ ಬಂಡಿಗಳ ಸ್ಥಾನದಲ್ಲಿ, ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತಲೇ ಹೋದ, ಅದೇ ಸಂಸ್ಥೆಯ ಟಕೋಮ ಪಿಕಪ್ಪಿನಂತಹ ಬೃಹತ್ಕಾಯಗಳು ನಿಂತಿರುವುದು ಸಾಮಾನ್ಯ ದುಡಿಮೆಗಾರನಿಗಾದ ನಷ್ಟವೆಂದೇ ನಾನು ಬಗೆಯುತ್ತೇನೆ. ಯೂರೋಪಿನೊಡನೆ ಕೋಳಿಮಾಂಸದ ವ್ಯಾಪಾರಕ್ಕಾಗಿ ಎದ್ದ ಕಲಹದಿಂದ ಹುಟ್ಟಿ, 1964ರಿಂದ ಹೊರನಾಡಿನ ಲಘು ಟ್ರಕ್ಕುಗಳ ಮೇಲೆ ಬಿದ್ದ ಶೇಕಡಾ 25ರ ಸುಂಕವು ಆಮದಿನ ಮಾರ್ಗವನ್ನು ದುರ್ಗಮಗೊಳಿಸಿದ್ದು ದಿಟ. ಆದರೆ ಫೋರ್ಡ್ ಸಂಸ್ಥೆಯು ನೆರೆಯ ಮೆಕ್ಸಿಕೋದಲ್ಲಿ, ಕಾರಿನ ಒಡಲನ್ನೇ ಆಧರಿಸಿ ಕಟ್ಟಿದ ಮಾವೆರಿಕ್ ಎಂಬ ಪುಟ್ಟ ಪಿಕಪ್ಪನ್ನು 2021ರಲ್ಲಿ ಹೊರತಂದಾಗ, ಗ್ರಾಹಕರು ತಿಂಗಳುಗಟ್ಟಲೆ ಕಾದಾದರೂ ಅದನ್ನು ಕೊಂಡರಲ್ಲವೇ? ಪ್ರಿಯಸ್ ಕಾರಿನ ಕಾಲದಿಂದಲೂ ಹೈಬ್ರಿಡ್ ಯಂತ್ರದಲ್ಲಿ ಪಳಗಿದ ಟೊಯೋಟಕ್ಕೆ ಇಂಥದೊಂದು ಕಾರ್ಯ ಅಸಾಧ್ಯವೆಂದು ನಾನಂತೂ ಒಪ್ಪಲಾರೆ.