ಕಲಿಯುವ ಬೆರಳಿಗೆ ‘ಲೈಟ್’ ತಂತಿಯೂ ಭಾರವೇ

ಅಕೂಸ್ಟಿಕ್ ಗಿಟಾರ್ ತಂತಿಯ ಪೊಟ್ಟಣದ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಒಂದು ಪೊಟ್ಟಣದಲ್ಲಿ 10–47, ಇನ್ನೊಂದರಲ್ಲಿ 11–52, ಮತ್ತೊಂದರಲ್ಲಿ 12–53. ಮೊದಲ ಸಂಖ್ಯೆ ಎಲ್ಲಕ್ಕಿಂತ ತೆಳುವಾದ ಒಂದನೇ ತಂತಿಯ ದಪ್ಪ, ಎರಡನೆಯದು ಆರನೇ ತಂತಿಯದು. ಅಳತೆ ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಬಳಕೆಯ ಮಾತಿನಲ್ಲಿ ಇವು ಹತ್ತರ ಸೆಟ್, ಹನ್ನೊಂದರ ಸೆಟ್, ಹನ್ನೆರಡರ ಸೆಟ್. ತೊಡಕು ಶುರುವಾಗುವುದು ಹೆಸರಿನಿಂದ. ಹನ್ನೆರಡರ ಸೆಟ್ಟಿಗೆ ತಯಾರಕರು ಕೊಟ್ಟಿರುವ ಹೆಸರು ‘ಲೈಟ್’. ಹನ್ನೊಂದು ‘ಕಸ್ಟಮ್ ಲೈಟ್’, ಹತ್ತು ‘ಎಕ್ಸ್‌ಟ್ರಾ ಲೈಟ್’, ಹದಿಮೂರು ‘ಮೀಡಿಯಂ’. ಮೊದಲ ಸಲ ತಂತಿ ಕೊಳ್ಳಲು ಬಂದವರಿಗೆ ಹಗುರವಾದದ್ದು ಬೇಕೆಂಬುದಷ್ಟೇ ಗೊತ್ತು. ‘ಲೈಟ್’ ಎಂದು ಬರೆದದ್ದನ್ನು ಕೊಂಡು ಹೋಗುತ್ತಾರೆ. ಅದಕ್ಕಿಂತ ಹಗುರವಾದ ಎರಡು ಮೆಟ್ಟಿಲು ಕೆಳಗಿವೆ ಎಂದು ಯಾರೂ ಹೇಳುವುದಿಲ್ಲ. ಗಿಟಾರ್ ಹಿಡಿದು ಮೊದಲ ವರ್ಷದಲ್ಲಿರುವವರಿಗೆ ಹತ್ತರ ಸೆಟ್ ಅಥವಾ ಹೆಚ್ಚೆಂದರೆ ಹನ್ನೊಂದರ ಸೆಟ್ ಹಾಕಿಕೊಡಬೇಕು, ಹನ್ನೆರಡನ್ನು ಕೇಳದೆಯೇ ಕೊಡುವ ರೂಢಿ ನಿಲ್ಲಬೇಕು ಎಂಬುದು ಈ ಲೇಖನದ ವಾದ.

ಒಂದು ಸಂಖ್ಯೆ ಹತ್ತು, ಇನ್ನೊಂದು ಹನ್ನೆರಡು. ನಡುವೆ ಇರುವುದು ಇಂಚಿನ ಸಾವಿರದಲ್ಲಿ ಎರಡು ಭಾಗ. ಇಷ್ಟಕ್ಕೆ ಇಷ್ಟು ಮಾತೇಕೆ ಎನಿಸಬಹುದು. ತಂತಿಯ ಉದ್ದ, ತೂಕ, ಎಳೆತಗಳಿಗೂ ಅದರ ಶ್ರುತಿಗೂ ಇರುವ ಸಂಬಂಧವನ್ನು ಫ್ರಾನ್ಸಿನ ಸನ್ಯಾಸಿ, ವಿದ್ವಾಂಸ ಮರೀನ್ ಮೆರ್ಸೆನ್ 1636ರಲ್ಲೇ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಅದರ ಪ್ರಕಾರ ಒಂದೇ ಉದ್ದದ ಎರಡು ತಂತಿಗಳನ್ನು ಒಂದೇ ಶ್ರುತಿಗೆ ತರಬೇಕಾದರೆ ಎಳೆತವು ದಪ್ಪದ ವರ್ಗಕ್ಕೆ ತಕ್ಕಂತೆ ಏರಬೇಕು. ಹತ್ತರ ವರ್ಗ ನೂರು, ಹನ್ನೆರಡರ ವರ್ಗ ನೂರನಲವತ್ತನಾಲ್ಕು. ಅಂದರೆ ಒಂದನೇ ತಂತಿಯನ್ನು ಹತ್ತರಿಂದ ಹನ್ನೆರಡಕ್ಕೆ ಬದಲಿಸಿದ ಕೂಡಲೇ ಎಳೆತ ಶೇ 44ರಷ್ಟು ಏರುತ್ತದೆ. ತಂತಿಯ ಉದ್ದ ಇಪ್ಪತ್ತೈದೂವರೆ ಇಂಚಿರುವ ಗಿಟಾರ್‌ನಲ್ಲಿ ಈ ತಂತಿಯನ್ನು ಮಾಮೂಲಿ ಶ್ರುತಿಗೆ ಏರಿಸಿದಾಗ ಹತ್ತರದ್ದು ಸುಮಾರು ಏಳೂಕಾಲು ಕಿಲೋ ತೂಕ ತೂಗುಬಿಟ್ಟಷ್ಟು ಬಿಗಿಯಾಗಿರುತ್ತದೆ, ಹನ್ನೆರಡರದ್ದು ಹತ್ತೂವರೆ ಕಿಲೋಗಿಂತ ಹೆಚ್ಚು. ಆರೂ ತಂತಿ ಸೇರಿದರೆ ಹತ್ತರ ಸೆಟ್ಟಿನ ಎಳೆತ ಸುಮಾರು 60 ಕಿಲೋ, ಹನ್ನೆರಡರದ್ದು 74, ಹದಿಮೂರರದ್ದು 84. ಕಣ್ಣಿಗೆ ಕಾಣದ ವ್ಯತ್ಯಾಸ ಬೆರಳಿಗೆ ಹೀಗೆ ಕಾಣಿಸುತ್ತದೆ.

ಬೆರಳಿಗೆ ಬೀಳುವ ಭಾರವನ್ನು ಎಳೆತವೊಂದೇ ನಿರ್ಧರಿಸುವುದಿಲ್ಲ ಎಂಬುದನ್ನೂ ಹೇಳಬೇಕು. ತಂತಿಯು ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಯಾದ ಫ್ರೆಟ್‌ನಿಂದ ಎಷ್ಟು ಎತ್ತರದಲ್ಲಿದೆ ಎಂಬುದು, ಗಿಟಾರ್‌ನವರು ಆ್ಯಕ್ಷನ್ ಎನ್ನುವುದು, ಅಷ್ಟೇ ಮುಖ್ಯ. ಒತ್ತಲು ಬೇಕಾದ ಬಲ ಈ ಎರಡರ ಗುಣಲಬ್ಧ. ಹನ್ನೆರಡನೇ ಫ್ರೆಟ್‌ನ ಮೇಲೆ ಮೂರು ಮಿಲಿಮೀಟರ್ ಎತ್ತರವಿರುವ ತಂತಿಗಳನ್ನು ಎರಡಕ್ಕೆ ಇಳಿಸಿದರೆ ಅಲ್ಲಿ ಮೂರನೇ ಒಂದು ಭಾಗ ಶ್ರಮ ಉಳಿಯುತ್ತದೆ. ಜೊತೆಗೆ ಹನ್ನೆರಡರ ಸೆಟ್ಟಿನ ಜಾಗಕ್ಕೆ ಹತ್ತರ ಸೆಟ್ ಬಂದರೆ ಒಟ್ಟು ಶ್ರಮ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದರ ಬೆಲೆ ಗೊತ್ತಾಗುವುದು ಎಫ್ ಕಾರ್ಡ್ ಹಿಡಿಯುವಾಗ. ತೋರುಬೆರಳನ್ನು ಮೊದಲನೇ ಫ್ರೆಟ್‌ನ ಬಳಿ ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಬೇಕು, ಉಳಿದ ಮೂರು ಬೆರಳು ಮುಂದಿನ ಎರಡು ಮನೆಗಳಲ್ಲಿ ಕೂರಬೇಕು. ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ, ನಟ್ ಎನ್ನುವ ಬಿಳಿ ಪಟ್ಟಿಯ ಕಚ್ಚುಗಳು ಆಳ ಸಾಲದೆ ಇದ್ದರೆ ತಂತಿಗಳು ಅಲ್ಲೇ ಅತಿ ಗಡುಸು. ಹೊಸಬರ ಬೆರಳಿನ ಗಂಟಿನ ಸಂದಿಗೆ ಎರಡನೇ ತಂತಿ ಬಂದು ಕೂತು ಟಪ್ ಎಂದು ಸತ್ತ ಸದ್ದು ಮಾಡುತ್ತದೆ. ಇನ್ನಷ್ಟು ಒತ್ತುತ್ತಾರೆ. ಹೆಬ್ಬೆರಳು ಕುತ್ತಿಗೆಯನ್ನು ಹಿಂದಿನಿಂದ ಹಿಂಡುತ್ತದೆ, ಮಣಿಕಟ್ಟು ಮಡಿಯುತ್ತದೆ, ಭುಜ ಕಿವಿಯತ್ತ ಏರುತ್ತದೆ. ಎರಡು ನಿಮಿಷದಲ್ಲಿ ಬೆರಳ ತುದಿಯ ಚರ್ಮದಲ್ಲಿ ಒಂದನೇ ತಂತಿ ನೂಲೆಳೆಯಷ್ಟು ಸಣ್ಣ, ಆಳವಾದ ಗೆರೆ ಕೊರೆದಿರುತ್ತದೆ. ನನಗೆ ಸಂಗೀತ ಬರುವುದಿಲ್ಲ ಎಂದು ಎಷ್ಟೋ ಜನ ತೀರ್ಮಾನಿಸುವುದು ಈ ಎರಡು ನಿಮಿಷಗಳಲ್ಲಿ. ಬಾರದೆ ಇರುವುದು ಸಂಗೀತವಲ್ಲ, ಎಳೆತ ಮತ್ತು ಎತ್ತರದ ಗುಣಾಕಾರ.

ಇದಕ್ಕೆ ಮೊದಲ ಆಕ್ಷೇಪ: ತೆಳು ತಂತಿಗೆ ನಾದವಿಲ್ಲ, ಗಿಟಾರ್ ಬಾಯಿ ಬಿಡುವುದಿಲ್ಲ. ಇದರಲ್ಲಿ ನಿಜವಿದೆ. ಬಿಗಿಯಾದ ತಂತಿ ಮರದ ಮೇಲ್ಹಲಗೆಯನ್ನು ಹೆಚ್ಚು ಬಲವಾಗಿ ಅಲುಗಾಡಿಸುತ್ತದೆ, ಮಂದ್ರ ಸ್ವರಗಳು ತುಂಬಿಕೊಂಡು ಬರುತ್ತವೆ. ಆದರೆ ಎಷ್ಟು ಹೆಚ್ಚು? ಎರಡು ತಂತಿಗಳನ್ನೂ ಒಂದೇ ಅಗಲಕ್ಕೆ ಎಳೆದು ಬಿಟ್ಟರೆ ಅವುಗಳಲ್ಲಿನ ಶಕ್ತಿ ಎಳೆತದ ಪ್ರಮಾಣದಲ್ಲಿರುತ್ತದೆ. ಶೇ 44ರಷ್ಟು ಹೆಚ್ಚಿನ ಶಕ್ತಿಯನ್ನು ಡೆಸಿಬೆಲ್‌ಗೆ ತಿರುಗಿಸಿದರೆ ಸಿಗುವುದು ಒಂದೂವರೆಗಿಂತ ತುಸು ಹೆಚ್ಚು. ಕಿವಿ ಗುರುತಿಸಬಲ್ಲ ವ್ಯತ್ಯಾಸದ ಅಂಚಿನಲ್ಲಷ್ಟೇ ಇರುವ ಮೊತ್ತ ಇದು. ಹೊರಗೆ ಬರುವ ಸದ್ದು ಗಿಟಾರ್‌ನ ಮರವನ್ನೂ ಅವಲಂಬಿಸುವುದರಿಂದ ಇದು ಬರೀ ತಂತಿಯ ಲೆಕ್ಕ, ಆದರೂ ಲಾಭ ಯಾವ ಗಾತ್ರದ್ದು ಎಂದು ತೋರಿಸಲು ಸಾಕು. ದಪ್ಪ ತಂತಿಯ ಗೌರವಕ್ಕೆ ಒಂದು ಇತಿಹಾಸವೂ ಇದೆ. ಮೈಕ್ ಇಲ್ಲದ ಕಾಲದಲ್ಲಿ, ಬ್ಯಾಂಜೊ ಮತ್ತು ಫಿಡಲ್‌ಗಳ ನಡುವೆ ಗಿಟಾರ್ ಕೇಳಿಸಬೇಕಾದರೆ ಅಮೆರಿಕದ ವಾದಕರಿಗೆ ದೊಡ್ಡ ಒಡಲೂ ದಪ್ಪ ತಂತಿಯೂ ಬೇಕಾಗಿದ್ದವು. ಆ ಎಳೆತವನ್ನು ವಾದ್ಯಗಳೇ ತಾಳಲಿಲ್ಲ. ಗಿಟಾರ್ ತಯಾರಿಸುವ ಮಾರ್ಟಿನ್ ಕಂಪನಿ 1944ರಲ್ಲಿ ಮೇಲ್ಹಲಗೆಯ ಒಳಗಿನ ಆಧಾರಪಟ್ಟಿಗಳನ್ನು ಕೆತ್ತಿ ಹಗುರ ಮಾಡುವ ತನ್ನ ಹಳೆಯ ಪದ್ಧತಿಯನ್ನೇ ನಿಲ್ಲಿಸಿತು, ಅದಕ್ಕೆ ಮುಖ್ಯ ಕಾರಣ ಈ ದಪ್ಪ ತಂತಿಗಳೆಂದೇ ಹೇಳಲಾಗುತ್ತದೆ. ಇವತ್ತು ಮನೆಯ ಕೋಣೆಯಲ್ಲಿ ಮಂಚದ ಅಂಚಿಗೆ ಕೂತು ಕಲಿಯುವವರಿಗೆ ಯಾವ ಬ್ಯಾಂಜೊದ ಪೈಪೋಟಿಯೂ ಇಲ್ಲ. ಸರಿಯಾಗಿ ಒತ್ತಿದ ತೆಳು ತಂತಿಯ ಸ್ವರ, ಅರ್ಧ ಒತ್ತಿದ ದಪ್ಪ ತಂತಿಯ ಸ್ವರಕ್ಕಿಂತ ಸ್ಪಷ್ಟವಾಗಿಯೂ ಜೋರಾಗಿಯೂ ಕೇಳುತ್ತದೆ.

ತೆಳು ತಂತಿ ಬೇಗ ಕಡಿಯುತ್ತದೆ ಎನ್ನುವುದು ಎರಡನೆಯದು. ಮೇಲ್ನೋಟಕ್ಕೆ ಸಹಜವಾದ ಊಹೆ, ಆದರೆ ಲೆಕ್ಕ ಬೇರೆ ಹೇಳುತ್ತದೆ. ದಪ್ಪ ತಂತಿಗೆ ಎಳೆತ ಹೆಚ್ಚು, ಆ ಎಳೆತವನ್ನು ಹೊರುವ ಉಕ್ಕೂ ಅದೇ ಪ್ರಮಾಣದಲ್ಲಿ ಹೆಚ್ಚು. ಹೀಗಾಗಿ ಸುತ್ತು ಇಲ್ಲದ ಬರಿಯ ತಂತಿಯಲ್ಲಿ, ಉದ್ದ ಮತ್ತು ಶ್ರುತಿ ಒಂದೇ ಆದರೆ, ಉಕ್ಕಿನ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಭಾರ ಹತ್ತರಲ್ಲೂ ಹನ್ನೆರಡರಲ್ಲೂ ಒಂದೇ. ತಂತಿ ಕಡಿಯುವುದು ಹೆಚ್ಚಾಗಿ ತುಕ್ಕಿನಿಂದ, ಬ್ರಿಜ್, ಅಂದರೆ ವೀಣೆಯವರ ಮಾತಿನ ಕುದುರೆಯ ಬಳಿ ಅಥವಾ ಬಿರಡೆಯ ಬಳಿ ಚೂಪಾದ ಅಂಚಿಗೆ ಉಜ್ಜುವುದರಿಂದ. ಒಂದು ರಿಯಾಯಿತಿ ಕೊಡಬೇಕು: ಪ್ಲೆಕ್ಟ್ರಮ್ ಹಿಡಿದು ಬಡಿಯುವವರ ಕೈಯಲ್ಲಿ ತೆಳು ತಂತಿ ಹೆಚ್ಚು ಅಗಲಕ್ಕೆ ತೂಗಿ ಫ್ರೆಟ್‌ಗೆ ತಾಗಿ ಝರ್ ಎನ್ನುತ್ತದೆ, ವಿಪರೀತ ಒತ್ತಿದರೆ ಸ್ವರ ತುಸು ಮೇಲೇರುತ್ತದೆ. ಈ ಝರ್ ಸದ್ದಿಗೆ ಇನ್ನೊಂದು ಕಾರಣವೂ ಉಂಟು. ಎಳೆತ ಕಡಿಮೆಯಾದಾಗ ಗಿಟಾರ್‌ನ ಕುತ್ತಿಗೆ ಹಿಂದಕ್ಕೆ ನೆಟ್ಟಗಾಗುತ್ತದೆ. ಒಳಗಿನ ಟ್ರಸ್ ರಾಡನ್ನು ಒಂದಿಷ್ಟು ಸಡಿಲಿಸಿದರೆ ಸರಿಹೋಗುತ್ತದೆ. ತಿಳಿದ ರಿಪೇರಿಯವರಿಗೆ ಇದು ಕೆಲವೇ ನಿಮಿಷಗಳ ಕೆಲಸ.

ಮೂರನೆಯ ಆಕ್ಷೇಪಕ್ಕೆ ನಮ್ಮಲ್ಲಿ ಆಳವಾದ ಬೇರಿದೆ: ಬೆರಳು ಉರಿಯದೆ ವಿದ್ಯೆ ಹತ್ತುವುದಿಲ್ಲ, ನೋವು ತಿನ್ನುವುದೇ ಸಾಧನೆ. ವೀಣೆ, ಸಿತಾರ್ ವಾದಕರ ಬೆರಳಲ್ಲಿ ವರ್ಷಗಟ್ಟಲೆ ಉಳಿದ ಕಚ್ಚುಗಳನ್ನು ಕಂಡವರು ಹೀಗೆ ನಂಬಿದರೆ ಆಶ್ಚರ್ಯವಿಲ್ಲ, ಆ ಗೆರೆಗಳ ಬಗ್ಗೆ ಗೌರವ ಇರಬೇಕಾದದ್ದೇ. ಆದರೆ ಚರ್ಮ ಗಟ್ಟಿಯಾಗುವುದು ಹತ್ತರ ತಂತಿಯಲ್ಲೂ ಆಗುತ್ತದೆ. ದಿನಕ್ಕೆ ನಲವತ್ತು ನಿಮಿಷ ನುಡಿಸಬಲ್ಲ ಕೈ, ಹತ್ತು ನಿಮಿಷಕ್ಕೆ ಸೋತು ಗಿಟಾರ್ ಕೆಳಗಿಡುವ ಕೈಗಿಂತ ಬೇಗ ಗಟ್ಟಿಯಾಗುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಅಭ್ಯಾಸದ್ದು. ಶುರುವಿನ ತಿಂಗಳುಗಳಲ್ಲಿ ಕೈ ಕಲಿಯುವುದು ಎಲ್ಲಿ ಒತ್ತಬೇಕು ಎಂಬುದನ್ನಷ್ಟೇ ಅಲ್ಲ, ಎಷ್ಟು ಒತ್ತಿದರೆ ಸಾಕು ಎಂಬುದನ್ನೂ. ದಪ್ಪ ತಂತಿಯಲ್ಲಿ ಹಿಂಡುವುದನ್ನು ಕಲಿತ ಕೈಗೆ ಆ ಹಿಂಡುವಿಕೆಯನ್ನು ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ. ದಪ್ಪ ತಂತಿಯ ವೀರಗಾಥೆಗೆ ಉದಾಹರಣೆಯಾಗಿ ಹೇಳುವ ಬ್ಲೂಸ್ ವಾದಕ ಸ್ಟೀವಿ ರೇ ವಾನ್ ಎಲೆಕ್ಟ್ರಿಕ್ ಗಿಟಾರ್‌ಗೆ ಹದಿಮೂರರ ತಂತಿ ಹಾಕುತ್ತಿದ್ದದ್ದು ನಿಜ. ಆತ ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡು ನುಡಿಸುತ್ತಿದ್ದ, ಅಷ್ಟರಿಂದಲೇ ಎಳೆತ ಶೇ 11ರಷ್ಟು ಕಡಿಮೆಯಾಗುತ್ತದೆ ಎಂಬ ಅರ್ಧ ಕಥೆ ಮಾತ್ರ ಬಿಟ್ಟುಹೋಗುತ್ತದೆ.

ಕೈಗೂ ದನಿಗೂ ತಕ್ಕ ತಂತಿ ಆರಿಸುವ ವಿವೇಕ ನಮಗೆ ಹೊಸದಲ್ಲ. ತಂಬೂರಿ ಮಾಡುವವರು ಗಂಡು ದನಿಯ ತಗ್ಗು ಶ್ರುತಿಗೆ ಒಂದು ದಪ್ಪದ ತಂತಿ ಕಟ್ಟುತ್ತಾರೆ, ಹೆಣ್ಣು ದನಿಯ ಎತ್ತರದ ಶ್ರುತಿಗೆ ತೆಳುವಾದದ್ದನ್ನು. ತೆಳು ತಂತಿಯ ತಂಬೂರಿ ಕೀಳು ಎಂದು ಯಾರೂ ಹೇಳಿದ್ದಿಲ್ಲ. ದಪ್ಪ ತಂತಿ ನಿಜಕ್ಕೂ ಬೇಕಾದ ಕಡೆ ಬೇಕೇ ಬೇಕು: ಶ್ರುತಿ ತುಂಬ ಇಳಿಸಿ ನುಡಿಸುವಾಗ ತೆಳುವಾದದ್ದು ಜೋತುಬೀಳುತ್ತದೆ. ಬ್ರಿಜ್‌ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರು ಹಿಂದೂಸ್ತಾನಿ ಸಂಗೀತಕ್ಕೆ ತಂದ ಸ್ಲೈಡ್ ಗಿಟಾರ್‌ನಲ್ಲಿ ವಾದ್ಯ ತೊಡೆಯ ಮೇಲೆ ಮಲಗಿರುತ್ತದೆ, ತಂತಿಯ ಮೇಲೆ ಲೋಹದ ತುಂಡು ಜಾರುತ್ತದೆ, ಬೆರಳು ತಂತಿಯನ್ನು ಫ್ರೆಟ್‌ಗೆ ಒತ್ತುವ ಪ್ರಶ್ನೆಯೇ ಇಲ್ಲ. ಅಲ್ಲಿ ದಪ್ಪ, ಎತ್ತರ ಎರಡೂ ಗುಣ. ಒತ್ತಿ ಕಲಿಯುವವರ ಕೈಗೆ ಅದೇ ಅಳತೆಯನ್ನು ತರುವುದು ತಪ್ಪು.

ವಾದ್ಯದ ಉದ್ದವನ್ನೂ ನೋಡಬೇಕು. ಎಂಟು ಹತ್ತು ವರ್ಷದ ಮಕ್ಕಳಿಗೆ ಕೊಡಿಸುವ ಮುಕ್ಕಾಲು ಗಾತ್ರದ ಗಿಟಾರ್‌ನಲ್ಲಿ ತಂತಿ ಇಪ್ಪತ್ಮೂರು ಇಂಚಿನಷ್ಟಿದ್ದರೆ ಎಳೆತ ತಾನಾಗಿ ಐದನೇ ಒಂದು ಭಾಗ ಇಳಿಯುತ್ತದೆ. ಅಲ್ಲಿ ಹತ್ತು ತೀರಾ ಸಡಿಲವೆನಿಸಿದರೆ ಹನ್ನೊಂದು ಹೊಂದುತ್ತದೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ಗೆ ಮಾತ್ರ ಯಾವ ದಪ್ಪದ ಉಕ್ಕಿನ ತಂತಿಯನ್ನೂ ಹಾಕಬಾರದು. ಅದರ ಕಟ್ಟಡ ಸುಮಾರು 40 ಕಿಲೋ ಎಳೆತಕ್ಕೆಂದು ಆದದ್ದು. ಅಂಟಿಸಿದ ಬ್ರಿಜ್ ಕಿತ್ತು ಬರುತ್ತದೆ. ಮಳೆಗಾಲದ ಕರಾವಳಿ, ಮಲೆನಾಡುಗಳಲ್ಲಿ ಮರ ತೇವ ಹೀರಿ ಉಬ್ಬಿ ತಂತಿಗಳು ಮೇಲೇಳುತ್ತವೆ. ಅಂಥ ತಿಂಗಳುಗಳಲ್ಲಿ ಕಡಿಮೆ ಎಳೆತ ಕೈಗೂ ಒಳ್ಳೆಯದು, ವಾದ್ಯದ ಹೊಟ್ಟೆಗೂ.

ಆದ್ದರಿಂದ ಗಿಟಾರ್ ಮಾರುವವರು, ಕಲಿಸುವವರು ಪೊಟ್ಟಣ ಕೊಡುವ ಮುನ್ನ ಯಾರ ಕೈಗೆ, ಯಾವ ವಾದ್ಯಕ್ಕೆ ಎಂದು ಕೇಳಬೇಕು. ಪ್ರತಿ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಮೊದಲನೇ ಫ್ರೆಟ್‌ನ ಮೇಲೆ ಉಳಿಯುವ ಸಂದು ನೋಡಬೇಕು: ಕಾಗದದ ಹಾಳೆಯಷ್ಟಿದ್ದರೆ ಸರಿ, ಅದಕ್ಕಿಂತ ಎದ್ದು ಕಂಡರೆ ನಟ್ ಕೆಲಸ ಬಾಕಿ ಇದೆ. ಹೊಸ ಸೆಟ್ಟಿಗೆ ಕೆಲವು ನೂರು ರೂಪಾಯಿ ಈಗ ಬೇಡ ಎನ್ನುವವರಿಗೂ ದಾರಿಯಿದೆ. ಇರುವ ಹನ್ನೆರಡರ ಸೆಟ್ಟನ್ನೇ ಒಂದು ಪೂರ್ಣ ಸ್ವರ ಇಳಿಸಿ ಎರಡನೇ ಫ್ರೆಟ್‌ಗೆ ಕೇಪೊ ಎನ್ನುವ ಕ್ಲಿಪ್ ಬಿಗಿದರೆ ಎಳೆತ ಐದನೇ ಒಂದು ಭಾಗ ಕುಗ್ಗುತ್ತದೆ, ತಂತಿ ತಗ್ಗುತ್ತದೆ, ಶ್ರುತಿ ಮೊದಲಿನದೇ ಉಳಿಯುತ್ತದೆ. ಮುಂದೆ ಎಫ್ ಕಾರ್ಡ್ ಇರುವ ಹಾಡೊಂದನ್ನು ಮೊದಲಿನಿಂದ ಕೊನೆಯವರೆಗೆ ಹೆಬ್ಬೆರಳು ಹಿಂಡದೆ ನುಡಿಸಲು ಬಂದ ದಿನ ಹನ್ನೊಂದರ ಸೆಟ್ ಹಾಕಿ ನೋಡಬಹುದು, ಕೆಲವು ತಿಂಗಳ ಮೇಲೆ ಹನ್ನೆರಡರದ್ದು. ಅಷ್ಟರಲ್ಲಿ ಕಿವಿಯೂ ಪಳಗಿರುತ್ತದೆ. ಆರನೇ ತಂತಿ 47ರಲ್ಲಿ ಹೇಗೆ ನುಡಿಯಿತು, 53ರಲ್ಲಿ ಹೇಗೆ ನುಡಿಯಿತು ಎಂಬುದನ್ನು ಕಲಿಯುವವರೇ ಕೇಳಿ, ಯಾವುದು ತಮಗೆ ಬೇಕೆಂದು ಹೇಳಬಲ್ಲರು.