ಮಂಡಿ ನೋವು: ಕುರ್ಚಿ ನಮಾಝ್‌ಗಿರಲಿ, ದಿನವಿಡೀ ಬೇಡ

ಸವೆತದಿಂದ ಮಂಡಿ ನೋವು ಶುರುವಾಯಿತೆಂದರೆ ಮನೆಯವರು ಹೇಳುವ ಮೊದಲ ಮಾತು, ‘ಉಮ್ಮಾ, ನೀವು ಸುಮ್ಮನೆ ಕೂತಿರಿ’. ಪ್ರೀತಿಯ ಮಾತೇ, ಆದರೆ ಮಂಡಿಗೆ ಹಿತವಲ್ಲ. ಕೀಲಿಗೆ ಆಸರೆ ತೊಡೆಯ ಸ್ನಾಯು. ಕೂತಷ್ಟೂ ಅದು ಸೊರಗುತ್ತದೆ, ಭಾರ ಸವೆದ ಕೀಲಿನ ಮೇಲೆ ಬೀಳುತ್ತದೆ, ನೋವು ಹೆಚ್ಚುತ್ತದೆ, ನೀವು ಮತ್ತೆ ಕೂರುತ್ತೀರಿ.

ಸುಜೂದ್‌ಗೆ ಮಂಡಿ ಮಡಚಲಾಗದವರಿಗೆ ಕುರ್ಚಿಯಲ್ಲಿ ನಮಾಝ್ ಮಾಡುವ ರಿಯಾಯಿತಿ ಇದೆ; ಹಟ ಹಿಡಿದು ನೋವು ತಿನ್ನಬೇಕಿಲ್ಲ. ನಮಾಝ್ ಮುಗಿಸಿ ಏಳುವ ಮುನ್ನ ಅದೇ ಕುರ್ಚಿಯಲ್ಲಿ ಒಂದು ಕಾಲನ್ನು ನೇರಕ್ಕೆ ಚಾಚಿ, ತೊಡೆ ಬಿಗಿ ಹಿಡಿದು 5 ಎಣಿಸಿ, ನಿಧಾನವಾಗಿ ಇಳಿಸಿ. ಪ್ರತಿ ಕಾಲಿಗೆ 10 ಸಲ, ದಿನಕ್ಕೆ ಎರಡು ಹೊತ್ತಾದರೂ ಸಾಕು. ಫಲ ಕಾಣಲು ಕೆಲವು ವಾರ ಬೇಕು. ಸಮತಟ್ಟು ನೆಲದ ನಡಿಗೆಯನ್ನೂ ಬಿಡಬೇಡಿ.

ಇನ್ನು ತೂಕ. 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ತಗ್ಗುತ್ತದೆ. ಮದುವೆ ಮನೆಯಲ್ಲಿ ಎರಡನೇ ಸಲ ಬಿರಿಯಾನಿ ಬಡಿಸಲು ಬಂದಾಗ ‘ಸಾಕು’ ಎನ್ನಲು ಇನ್ನೇನು ಕಾರಣ ಬೇಕು?

ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಮಂಡಿ ಊದಿ, ಕೆಂಪಾಗಿ, ಜ್ವರ ಬಂದರೆ ಅಥವಾ ಬಿದ್ದ ಮೇಲೆ ಕಾಲೂರಲಾಗದಿದ್ದರೆ ವ್ಯಾಯಾಮ ಬೇಡ; ಅಂದೇ ವೈದ್ಯರಿಗೆ ತೋರಿಸಿ.